ಪುಟ ಕೆಟ್ಟಾಗ ಮೊದಲು ಗೆರೆ ಎಳೆಯಿರಿ: ಲಾಜಿಕ್ ಮತ್ತು ಟೆಂಪ್ಲೇಟ್ ಬೆರೆತ ಕೋಡಿನ ದೋಷ ನಿವಾರಣೆ ಕೈಪಿಡಿ

ಒಂದೇ ಫೈಲು. ಮೇಲೆ ಡೇಟಾಬೇಸ್ ಸಂಪರ್ಕ, ಅದರ ಕೆಳಗೆ ಪುಟದ ತಲೆಭಾಗ, ಟೇಬಲ್ ಟ್ಯಾಗಿನ ಹೊಟ್ಟೆಯೊಳಗೆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಆ ಕ್ವೆರಿಯ ಲೂಪಿನೊಳಗೆ ಒಟ್ಟು ಮೊತ್ತದ ಲೆಕ್ಕ, ಲೆಕ್ಕದ ನಡುವೆ ಸಾಲಿನ ಬಣ್ಣ ಬದಲಿಸುವ ಒಂದು ಇಫ್. ಕೆಲಸ ಮಾಡುತ್ತಿರುವವರೆಗೆ ಇಂಥ ಫೈಲಿನ ತಂಟೆಗೆ ಯಾರೂ ಹೋಗುವುದಿಲ್ಲ. ಅದು ಕೆಟ್ಟ ದಿನ ಮಾತ್ರ ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆ ಹುಟ್ಟಿದ್ದೇ ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ನಡುವೆ ತೂರಿಸಿ ಬರೆಯಲು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅದನ್ನು ಹೊರಬಿಟ್ಟಾಗ ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಎಂಬ ಹೆಸರಿತ್ತು. ಆಮೇಲೆ ಬಂದ ಎಎಸ್‌ಪಿ, ಜೆಎಸ್‌ಪಿಗಳೂ ಅದೇ ದಾರಿ ಹಿಡಿದವು. ಬರೆಯಲು ಅಷ್ಟು ಸಲೀಸಾಗಿದ್ದಕ್ಕೇ ಅವು ಹಬ್ಬಿದವು, ಆ ಸಲೀಸಿನ ಬೆಲೆಯನ್ನು ದುರಸ್ತಿ ಮಾಡುವವರು ಇಂದಿಗೂ ತೆರುತ್ತಿದ್ದಾರೆ.

ಲಾಜಿಕ್ (ಡೇಟಾ ತಂದು, ಲೆಕ್ಕ ಹಾಕಿ, ನಿರ್ಧರಿಸುವ ಕೋಡು) ಮತ್ತು ಟೆಂಪ್ಲೇಟ್ (ಅದನ್ನು ಪುಟವಾಗಿ ತೋರಿಸುವ ಭಾಗ) ಬೇರೆ ಬೇರೆ ಇರಲಿ ಎನ್ನುವವರು ಸಾಮಾನ್ಯವಾಗಿ ಕೋಡು ಚೊಕ್ಕಟವಾಗಿರುತ್ತದೆ, ಮರುಬಳಕೆಗೆ ಬರುತ್ತದೆ, ಡಿಸೈನರ್‌ಗೆ ಸುಲಭ ಎಂಬ ಕಾರಣಗಳನ್ನು ಕೊಡುತ್ತಾರೆ. ನನ್ನ ಮಟ್ಟಿಗೆ ಅವೆಲ್ಲ ಆಮೇಲಿನ ಮಾತು. ಎರಡರ ನಡುವೆ ಒಂದು ಗಡಿ (ಶೀರ್ಷಿಕೆಯ ಗೆರೆ ಇದೇ) ಇದ್ದರೆ ಅಲ್ಲಿ ನಿಂತು ಡೇಟಾ ಸರಿಯಿದೆಯೋ ಇಲ್ಲವೋ ಎಂದು ನೋಡಬಹುದು, ಒಂದೇ ಏಟಿಗೆ ಅರ್ಧ ಕೋಡನ್ನು ಅನುಮಾನದಿಂದ ಕೈಬಿಡಬಹುದು. ಗಡಿ ಇಲ್ಲದ ಫೈಲಿನಲ್ಲಿ ಪ್ರತಿ ಸಾಲೂ ಆರೋಪಿಯೇ. ಈ ಕೈಪಿಡಿಯ ಉದಾಹರಣೆಗಳು ಹೆಚ್ಚಾಗಿ ಪಿಎಚ್‌ಪಿಯವು, ರೋಗಗಳು ಮಾತ್ರ ಎಲ್ಲ ಭಾಷೆಗಳಿಗೂ ಸೇರಿದವು.

ಗೆರೆ ಎಳೆಯುವುದು ಹೇಗೆ

ಕೆಟ್ಟ ಫೈಲಿನ ಒಂದು ಪ್ರತಿಯನ್ನು ಡೆವಲಪ್‌ಮೆಂಟ್ ಸರ್ವರಿನಲ್ಲಿಡಿ. ಡೇಟಾ ತರುವ, ಲೆಕ್ಕ ಹಾಕುವ, ನಿರ್ಧರಿಸುವ ಸಾಲುಗಳೆಲ್ಲ ಮೇಲಕ್ಕೆ ಹೋಗಲಿ. ಎಚ್‌ಟಿಎಂಎಲ್, ಅದರ ನಡುವೆ ಪಠ್ಯ ಮುದ್ರಿಸುವ ಎಕೋ, ತೋರಿಸಲಷ್ಟೇ ಬೇಕಾದ ಲೂಪು ಮತ್ತು ಇಫ್‌ಗಳು ಕೆಳಕ್ಕೆ ಬರಲಿ. ಮೇಲಿನ ಭಾಗ ಸಿದ್ಧಪಡಿಸಿದ್ದೆಲ್ಲ ಒಂದೇ ಒಂದು ಅರೇಯೊಳಗೆ (ಮೌಲ್ಯಗಳ ಪಟ್ಟಿಯೊಳಗೆ) ಸೇರಬೇಕು, ಕೆಳಗಿನ ಭಾಗ ಆ ಅರೇ ಬಿಟ್ಟು ಬೇರೇನನ್ನೂ ಮುಟ್ಟಬಾರದು.

ಈಗ ಎರಡು ಭಾಗಗಳು ಸೇರುವ ಗೆರೆಯಲ್ಲೇ ಆ ಅರೇಯನ್ನು ಡಂಪ್ ಮಾಡಿ (ಒಳಗಿರುವುದನ್ನೆಲ್ಲ ಹಾಗೇ ಮುದ್ರಿಸಿ), ಅಲ್ಲಿಗೇ ಸ್ಕ್ರಿಪ್ಟ್ ನಿಲ್ಲಿಸುವ ಎಕ್ಸಿಟ್ ಕೊಡಿ. ಬ್ರೌಸರಿನಲ್ಲಿ ಪುಟದ ಸೋರ್ಸ್ ತೆರೆದು ನೋಡಿ. ಮೌಲ್ಯಗಳು ತಪ್ಪಿದ್ದರೆ ಟೆಂಪ್ಲೇಟನ್ನು ಮರೆತುಬಿಡಿ, ಕೆಲಸವೆಲ್ಲ ಮೇಲೆ. ಸರಿಯಿದ್ದರೆ ದೋಷ ಕೆಳಗಿದೆ. ಖಚಿತಪಡಿಸಿಕೊಳ್ಳಲು ಮೇಲಿನ ಭಾಗವನ್ನು ಪೂರ್ತಿ ತೆಗೆದು, ಕೈಯಲ್ಲೇ ಬರೆದ ಒಂದು ಸುಳ್ಳು ಅರೇಯನ್ನು ಟೆಂಪ್ಲೇಟಿಗೆ ಉಣಿಸಿ. ಅದರಲ್ಲಿ ಖಾಲಿ ಪಟ್ಟಿ, ಉದ್ದನೆಯ ಹೆಸರು, ಆಂಪರ್ಸಂಡ್ ಮತ್ತು ಉದ್ಧರಣ ಚಿಹ್ನೆ ಇರುವ ಪಠ್ಯ, ಸೊನ್ನೆ ಇವೆಲ್ಲ ಇರಲಿ. ಡೇಟಾಬೇಸಿನಲ್ಲಿ ಅಪರೂಪಕ್ಕೆ ಸಿಗುವ ಸಂದರ್ಭಗಳನ್ನು ಹೀಗೆ ನಿಮಿಷದಲ್ಲಿ ಪರೀಕ್ಷಿಸಬಹುದು.

ಡಂಪಿಗಿಂತ ಮೊದಲೇ ಸೋರ್ಸಿನಲ್ಲಿ ಒಂದು ಖಾಲಿ ಸಾಲೋ ತುಂಡು ಟ್ಯಾಗೋ ಕಂಡರೆ ಅದನ್ನು ಹಗುರವಾಗಿ ತಳ್ಳಿಹಾಕಬೇಡಿ. ಗೆರೆಯ ಮೇಲಿರುವ ಯಾವುದೋ ಕೋಡು ಬಾಯಿ ಬಿಡುತ್ತಿದೆ ಎಂದರ್ಥ, ಮುಂದಿನ ಭಾಗದ ದೋಷಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಫೈಲು ತುಂಬಾ ದೊಡ್ಡದಾಗಿ ಸಾಲುಗಳನ್ನು ಸ್ಥಳಾಂತರಿಸುವುದೇ ಅಪಾಯವೆನಿಸಿದರೆ ಒಂದು ಅಡ್ಡದಾರಿ ಇದೆ. ಫೈಲಿನ ಮೊದಲ ಸಾಲಿನಲ್ಲಿ ಔಟ್‌ಪುಟ್ ಬಫರ್ (ಔಟ್‌ಪುಟನ್ನು ಕಳಿಸದೆ ಸದ್ಯಕ್ಕೆ ಹಿಡಿದಿಡುವ ಜಾಗ) ಶುರು ಮಾಡಿ, ಅಲ್ಲಲ್ಲಿ ಬಫರಿನ ಉದ್ದವನ್ನು ಎರರ್ ಲಾಗಿಗೆ ಬರೆಸಿ. ಉದ್ದ ಯಾವ ಎರಡು ಬಿಂದುಗಳ ನಡುವೆ ಸೊನ್ನೆಯಿಂದ ಮೇಲೇರಿತೋ, ಸೋರಿಕೆ ಅಲ್ಲಿದೆ.

‘ಹೆಡರ್ಸ್ ಆಲ್ರೆಡಿ ಸೆಂಟ್’

ಪಿಎಚ್‌ಪಿ ಬರೆದವರಲ್ಲಿ ‘ಹೆಡರ್‌ಗಳು ಆಗಲೇ ಹೋಗಿವೆ’ ಎನ್ನುವ ಈ ಎಚ್ಚರಿಕೆಯನ್ನು ನೋಡದವರು ಇರಲಾರರು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿಯಲ್ಲಿ ಉತ್ತರದ ಹೆಡರ್‌ಗಳು (ಉತ್ತರದ ಬಗೆಗಿನ ಮಾಹಿತಿ ಸಾಲುಗಳು) ಮೊದಲು ಹೋಗಬೇಕು, ಆಮೇಲೆ ಒಂದು ಖಾಲಿ ಸಾಲು, ಅದಾದ ಮೇಲೆ ಪುಟದ ಮೈ. ಮೈಯ ಒಂದೇ ಒಂದು ಬೈಟು ಹೊರಟರೂ ಹೆಡರ್‌ಗಳ ಬಾಗಿಲು ಮುಚ್ಚಿತು. ಕುಕಿ ಇಡುವುದು, ಸೆಷನ್ ಶುರು ಮಾಡುವುದು, ಬೇರೆ ಪುಟಕ್ಕೆ ಕಳಿಸುವುದು, ಸ್ಟೇಟಸ್ ಕೋಡ್ ಬದಲಿಸುವುದು ಎಲ್ಲವೂ ಹೆಡರಿನ ಕೆಲಸ. ಹಾಗಾಗಿ ಎಚ್ಚರಿಕೆ ಬಂದಿದೆ ಎಂದರೆ, ಏನಾದರೂ ನಿರ್ಧರಿಸುವ ಮೊದಲೇ ಕೋಡು ತೋರಿಸಲು ಶುರು ಮಾಡಿದೆ.

ಈ ಸಂದೇಶವನ್ನು ಹೆಚ್ಚಿನವರು ಅರ್ಧ ಮಾತ್ರ ಓದುತ್ತಾರೆ. ಅದರಲ್ಲಿ ಎರಡು ಸ್ಥಳಗಳ ಉಲ್ಲೇಖವಿರುತ್ತದೆ: ಕೊನೆಗಿರುವುದು ಹೆಡರ್ ಕಳಿಸಲು ಹೋಗಿ ಸೋತ ಸಾಲು, ಆವರಣದೊಳಗಿರುವುದು ಔಟ್‌ಪುಟ್ ಶುರುವಾದ ಫೈಲು ಮತ್ತು ಸಾಲು. ಸೋತ ಸಾಲನ್ನು ಅತ್ತಿತ್ತ ಎಳೆದಾಡಿ ಫಲವಿಲ್ಲ. ಆವರಣದೊಳಗಿನ ವಿಳಾಸಕ್ಕೆ ಹೋಗಿ.

ಆ ಸಾಲಿನಲ್ಲಿ ಎಕೋ ಅಥವಾ ಎಚ್‌ಟಿಎಂಎಲ್ ಕಂಡರೆ ವಿಷಯ ಸರಳ. ಏನೂ ಕಾಣದಿದ್ದರೆ ಸಾಮಾನ್ಯವಾಗಿ ಎರಡರಲ್ಲೊಂದು. ವಿಳಾಸ ಒಂದು ಫೈಲಿನ ಕೊನೆಯ ಸಾಲನ್ನು ತೋರಿಸುತ್ತಿದ್ದರೆ, ಮುಚ್ಚುವ ಟ್ಯಾಗಿನ ಆಚೆ ಖಾಲಿ ಜಾಗ ಉಳಿದಿದೆ. ಟ್ಯಾಗಿಗೆ ಅಂಟಿಕೊಂಡ ಒಂದು ಹೊಸ ಸಾಲನ್ನು ಪಿಎಚ್‌ಪಿ ತಾನೇ ನುಂಗಿಕೊಳ್ಳುತ್ತದೆ, ಎರಡನೆಯದನ್ನು ನುಂಗುವುದಿಲ್ಲ, ಒಂದು ಸ್ಪೇಸ್ ಇದ್ದರೂ ಅದು ಹಾಗೇ ಹೊರಹೋಗುತ್ತದೆ. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಮುಚ್ಚುವ ಟ್ಯಾಗನ್ನು ಬರೆಯಲೇಬಾರದು ಎಂದು ಪಿಎಸ್‌ಆರ್-12 ಶೈಲಿ ನಿಯಮ ಹೇಳುವುದು ಇದಕ್ಕೇ.

ವಿಳಾಸ ಮೊದಲ ಸಾಲನ್ನು ತೋರಿಸುತ್ತಿದ್ದು, ಅಲ್ಲಿ ತೆರೆಯುವ ಟ್ಯಾಗ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಬಾಮ್ (ಬೈಟ್ ಆರ್ಡರ್ ಮಾರ್ಕ್) ಮೇಲೆ ಅನುಮಾನಪಡಿ. ಕೆಲವು ಎಡಿಟರ್‌ಗಳು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ವಿಧಾನ) ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಈ 3 ಬೈಟುಗಳನ್ನು ಇಡುತ್ತವೆ. ಹೆಕ್ಸ್ ಡಂಪ್‌ನಲ್ಲಿ ಅವು ‘ಇಎಫ್ ಬಿಬಿ ಬಿಎಫ್’ ಎಂದು ಕಾಣುತ್ತವೆ. ಎಡಿಟರಿನಲ್ಲಿ ಬಾಮ್ ಇಲ್ಲದ ಯುಟಿಎಫ್-8 ಆಯ್ದು ಮತ್ತೆ ಸೇವ್ ಮಾಡಿದರೆ ಮುಗಿಯಿತು.

ಇಲ್ಲಿ ಸರಿಯಿದೆ, ಅಲ್ಲಿ ಕೆಟ್ಟಿದೆ

ಮೇಲಿನ ದೋಷಕ್ಕೊಂದು ಕಳ್ಳ ರೂಪವಿದೆ. ಒಂದೇ ಕೋಡು ಒಂದು ಸರ್ವರಿನಲ್ಲಿ ಸುಸೂತ್ರ, ಇನ್ನೊಂದರಲ್ಲಿ ಎಚ್ಚರಿಕೆ. ಮೊದಲು ನೋಡಬೇಕಾದದ್ದು ಔಟ್‌ಪುಟ್ ಬಫರಿಂಗ್ ಸೆಟ್ಟಿಂಗ್. ಪಿಎಚ್‌ಪಿಯಲ್ಲಿ ಇದರ ಮೂಲ ಮೌಲ್ಯ ಸೊನ್ನೆ, ಜೊತೆಗೆ ಬರುವ ಮಾದರಿ ಐಎನ್‌ಐ (ಸೆಟ್ಟಿಂಗ್) ಫೈಲುಗಳಲ್ಲಿ 4096. ಬಫರ್ ಇದ್ದಲ್ಲಿ ಮೊದಲ 4096 ಬೈಟುಗಳು ಸರ್ವರಿನಲ್ಲೇ ನಿಲ್ಲುತ್ತವೆ, ಅಷ್ಟರೊಳಗೆ ಹೆಡರ್ ಕಳಿಸಿದರೆ ತಪ್ಪು ಬಯಲಾಗುವುದಿಲ್ಲ. ಇಲ್ಲದಲ್ಲಿ ತಕ್ಷಣ ಬಯಲಾಗುತ್ತದೆ.

ಇದರಿಂದ ಹುಟ್ಟುವ ಲಕ್ಷಣಗಳು ತಲೆ ಕೆಡಿಸುವಂಥವು. ಪಟ್ಟಿಯಲ್ಲಿ ನಾಲ್ಕು ಸಾಲಿದ್ದಾಗ ರೀಡೈರೆಕ್ಟ್ (ಬೇರೆ ಪುಟಕ್ಕೆ ಕಳಿಸುವುದು) ಆಗುತ್ತದೆ, ನಲವತ್ತಿದ್ದಾಗ ಆಗುವುದಿಲ್ಲ. ಇಂಗ್ಲಿಷ್ ಪುಟ ಸರಿ, ಅದೇ ಪುಟದ ಕನ್ನಡ ಆವೃತ್ತಿ ಕೆಟ್ಟಿದೆ. ಅನುವಾದ ತಪ್ಪಾಗಿದೆಯೇನೋ ಎಂದು ಹುಡುಕುತ್ತಾ ಕೂರಬೇಡಿ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು, ಒತ್ತಕ್ಷರ ಮತ್ತು ಗುಣಿತದ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. ಬಫರ್ ಬೇಗ ತುಂಬಿ ತುಳುಕುತ್ತದೆ, ಅಷ್ಟೇ.

ಜೆಎಸ್‌ಪಿಯಲ್ಲಿ ಬಫರಿನ ಮೂಲ ಅಳತೆ 8 ಕೆಬಿ. ಅದು ತುಂಬಿದ ಮೇಲೆ ಫಾರ್ವರ್ಡ್ ಮಾಡಲು ಹೋದರೆ ‘ರೆಸ್ಪಾನ್ಸ್ ಕಮಿಟ್ ಆಗಿದೆ’ ಎಂಬ ಅರ್ಥದ ಎಕ್ಸೆಪ್ಶನ್ ಬೀಳುತ್ತದೆ. ಹಳೆಯ ಎಎಸ್‌ಪಿಯಲ್ಲಿ ಬಫರಿಂಗ್ ತಾನಾಗಿ ಚಾಲೂ ಆದದ್ದು ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ 5ರಿಂದ. ಮೂರೂ ಕಡೆ ಒಂದೇ ರೋಗ. ಬಫರ್ ಹೆಚ್ಚಿಸಿ ಸುಮ್ಮನಾಗುವುದನ್ನು ನಾನು ದುರಸ್ತಿ ಎನ್ನಲಾರೆ. ರಾತ್ರಿ ಸೈಟು ಬಿದ್ದಿದ್ದರೆ ಹಾಗೆ ಮಾಡಿ ಮಲಗಿ, ಬೆಳಿಗ್ಗೆ ಎದ್ದು ನಿರ್ಧಾರದ ಸಾಲುಗಳನ್ನು ಮೇಲಕ್ಕೆ ಎತ್ತಿ.

ಎಕ್ಸಿಟ್ ಇಲ್ಲದ ರೀಡೈರೆಕ್ಟ್

ಲಕ್ಷಣವೇ ಕಾಣದ ದೋಷ ಇದು. ಲಾಗಿನ್ ಆಗದವರನ್ನು ಲಾಗಿನ್ ಪುಟಕ್ಕೆ ಕಳಿಸುವ ಲೊಕೇಶನ್ ಹೆಡರ್ ಬರೆದಿದೆ, ಬ್ರೌಸರ್ ಹೇಳಿದಂತೆ ಕೇಳುತ್ತದೆ, ಎಲ್ಲರೂ ತೃಪ್ತರು. ಆದರೆ ಹೆಡರ್ ಕಳಿಸಿದೊಡನೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಕೆಳಗಿನ ಕ್ವೆರಿಗಳು ಓಡುತ್ತವೆ, ಟೆಂಪ್ಲೇಟೂ ಓಡುತ್ತದೆ, ಗುಟ್ಟಾಗಿರಬೇಕಾದ ಪುಟವಿಡೀ 302 (‘ಬೇರೆಡೆಗೆ ಹೋಗಿ’ ಎನ್ನುವ) ಉತ್ತರದ ಮೈಯಲ್ಲಿ ಹೊರಹೋಗುತ್ತದೆ. ಬ್ರೌಸರ್ ಅದನ್ನು ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಕಮಾಂಡ್ ಲೈನಿನ ಕರ್ಲ್ ಬಳಸಿ, ರೀಡೈರೆಕ್ಟನ್ನು ಹಿಂಬಾಲಿಸದೆ, ಹೆಡರ್ ಸಮೇತ ಉತ್ತರವನ್ನು ನೋಡಿ. ಲೊಕೇಶನ್ ಸಾಲಿನ ಕೆಳಗೆ ಪೂರ್ತಿ ಪುಟ ಕಂಡರೆ ಈಗಲೇ ಎಕ್ಸಿಟ್ ಸೇರಿಸಿ. ಅಳಿಸುವ ಕೋಡು ಅದರ ಕೆಳಗಿದ್ದರಂತೂ ಅನುಮತಿ ಇಲ್ಲದವರೂ ಅಳಿಸಬಲ್ಲರು.

ಡೇಟಾ ಕಳಿಸುವ ಪಠ್ಯ ರೂಪವಾದ ಜೇಸನ್ ಓದಲಾಗದೆ ಜಾವಾಸ್ಕ್ರಿಪ್ಟ್ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂದು ದೂರುತ್ತಾ < ಚಿಹ್ನೆಯನ್ನು ತೋರಿಸಿದರೆ, ಜೇಸನ್ನಿಗೆ ಮೊದಲೇ ಎಚ್‌ಟಿಎಂಎಲ್ ಬಂದಿದೆ. ಹಲವು ಸಲ ಅದು ಪಿಎಚ್‌ಪಿಯ ಎಚ್ಚರಿಕೆ ಸಂದೇಶವೇ ಆಗಿರುತ್ತದೆ, ಅದು ಬಿಆರ್ ಟ್ಯಾಗಿನಿಂದ ಶುರುವಾಗುತ್ತದೆ. ಬ್ರೌಸರಿನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಚ್ಚಾ ಉತ್ತರ ನೋಡಿದರೆ ಸಾಕು. ಡಿಸ್‌ಪ್ಲೇ ಎರರ್ಸ್ ಆರಿಸಿ ಲಾಗಿಗೆ ತಿರುಗಿಸಿ, ಆದರೆ ಎಚ್ಚರಿಕೆಯ ಕಾರಣವನ್ನೂ ಸರಿಪಡಿಸಿ.

ಎಸ್ಕೇಪ್: ಎರಡು ಸಲ, ಒಂದೂ ಇಲ್ಲ, ಅಥವಾ ಪೂರ್ತಿ ಮಾಯ

ಪುಟದಲ್ಲಿ ಆಂಪರ್ಸಂಡ್ ಚಿಹ್ನೆಯ ಪಕ್ಕ ‘ಎಎಂಪಿ’ ಎಂಬ ಅಕ್ಷರಗಳು ಕಾಣಿಸಿದರೆ ಪಠ್ಯ ಎರಡು ಸಲ ಎಸ್ಕೇಪ್ ಆಗಿದೆ (ಎಸ್ಕೇಪ್ ಎಂದರೆ ವಿಶೇಷ ಚಿಹ್ನೆಗಳನ್ನು ಬ್ರೌಸರ್ ಕೋಡೆಂದು ಓದದಂತೆ ಬದಲಿ ರೂಪದಲ್ಲಿ ಬರೆಯುವುದು). ಗೆರೆಯ ಮೇಲಿನ ಡಂಪನ್ನು ನೋಡಿ. ಅಲ್ಲೇ ಎಸ್ಕೇಪ್ ಆದ ರೂಪ ಇದ್ದರೆ, ಫಾರ್ಮಿನಿಂದ ಬಂದದ್ದನ್ನು ಯಾರೋ ಡೇಟಾಬೇಸಿಗೆ ಹಾಕುವ ಮೊದಲೇ ಎಸ್ಕೇಪ್ ಮಾಡಿದ್ದಾರೆ. ಸುರಕ್ಷತೆಗೆಂದೇ ಮಾಡಿರುತ್ತಾರೆ, ಉದ್ದೇಶ ಒಳ್ಳೆಯದು, ಜಾಗ ತಪ್ಪು. ಎಚ್‌ಟಿಎಂಎಲ್ ಎಸ್ಕೇಪ್ ಎಂಬುದು ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ಸಂಬಂಧಿಸಿದ್ದು. ಅದೇ ಹೆಸರು ನಾಳೆ ಇಮೇಲಿನ ವಿಷಯ ಸಾಲಿಗೂ ಸಿಎಸ್‌ವಿ ಫೈಲಿಗೂ ಹೋಗಬೇಕು. ಹಾಗಾಗಿ ಅದು ಟೆಂಪ್ಲೇಟಿನ ಕೆಲಸ, ಮುದ್ರಿಸುವ ಕ್ಷಣದ ಕೆಲಸ. ಈಗಾಗಲೇ ಡೇಟಾಬೇಸಿನಲ್ಲಿ ಸೇರಿಹೋಗಿದ್ದರೆ ಒಮ್ಮೆ ಕೂತು ಡೇಟಾವನ್ನೇ ಶುಚಿ ಮಾಡಬೇಕು. ಟೆಂಪ್ಲೇಟಿನ ಎಸ್ಕೇಪ್ ಆರಿಸಿ ಹೊಂದಿಸಿಕೊಂಡರೆ ಸ್ಕ್ರಿಪ್ಟ್ ತೂರಿಸುವವರಿಗೆ ಬಾಗಿಲು ತೆರೆದಂತೆ.

ಟ್ವಿಗ್, ಬ್ಲೇಡ್, ಜಾಂಗೋ ಟೆಂಪ್ಲೇಟ್ ಎಂಜಿನ್‌ಗಳು ತಾವಾಗಿ ಎಸ್ಕೇಪ್ ಮಾಡುತ್ತವೆ. ಜಿಂಜಾ ಎಂಜಿನ್ ತಾನಾಗಿ ಮಾಡುವುದಿಲ್ಲ, ಪೈಥಾನಿನ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್ ಜೊತೆ ಬಳಸಿದಾಗ ಎಚ್‌ಟಿಎಂಎಲ್ ವಿಸ್ತರಣೆಯ ಫೈಲುಗಳಿಗೆ ಫ್ಲಾಸ್ಕ್ ಅದನ್ನು ಚಾಲೂ ಮಾಡಿಕೊಡುತ್ತದೆ. ಫ್ಲಾಸ್ಕಿನಿಂದ ಹೊರಬಂದು ಬರೀ ಜಿಂಜಾ ಬಳಸಿದವರು ಎಡವುವುದು ಇಲ್ಲಿ. ಪಿಎಚ್‌ಪಿಯ ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಎಂಬ ಎಸ್ಕೇಪ್ ಫಂಕ್ಷನ್ 8.1 ಆವೃತ್ತಿಗಿಂತ ಮೊದಲು ಒಂಟಿ ಉದ್ಧರಣ ಚಿಹ್ನೆಯನ್ನು ಹಾಗೇ ಬಿಡುತ್ತಿತ್ತು ಎಂಬುದೂ ನೆನಪಿರಲಿ.

ಇನ್ನು ಪೂರ್ತಿ ಮಾಯವಾಗುವ ಪಠ್ಯ. ಇದು ಕನ್ನಡದಲ್ಲಿ ಕೆಲಸ ಮಾಡುವವರನ್ನು ವಿಶೇಷವಾಗಿ ಕಾಡುತ್ತದೆ. ಲಾಜಿಕ್ ಭಾಗದಲ್ಲಿ ಲೇಖನದ ಮೊದಲ 100 ಬೈಟುಗಳನ್ನು ಕತ್ತರಿಸಿ ಸಾರಾಂಶ ಮಾಡಲಾಗಿದೆ. ಪ್ರತಿ ಸಂಕೇತಕ್ಕೆ 3 ಬೈಟಿನಂತೆ 33 ಸಂಕೇತಗಳಿಗೆ 99 ಆಯಿತು, ನೂರನೆಯ ಬೈಟು ಮುಂದಿನ ಅಕ್ಷರದ ತುಂಡು. ಈ ಮುರುಕು ಪಠ್ಯ ಟೆಂಪ್ಲೇಟಿಗೆ ಬಂದಾಗ, 8.1ಕ್ಕಿಂತ ಹಳೆಯ ಪಿಎಚ್‌ಪಿಯ ಎಸ್ಕೇಪ್ ಫಂಕ್ಷನ್ ಅದನ್ನು ಕೆಟ್ಟ ಯುಟಿಎಫ್-8 ಎಂದು ತಿರಸ್ಕರಿಸಿ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಎಚ್ಚರಿಕೆಯಿಲ್ಲ, ಲಾಗಿಲ್ಲ. ಕೆಲವು ಲೇಖನಗಳ ಸಾರಾಂಶ ಕಾಣುತ್ತದೆ, ಕೆಲವದ್ದು ಕಾಣುವುದಿಲ್ಲ, ಏಕೆಂದರೆ ಸ್ಪೇಸ್ ಮತ್ತು ಪೂರ್ಣವಿರಾಮಗಳು 1 ಬೈಟಿನವಾದ್ದರಿಂದ ಕತ್ತರಿ ಕೆಲವೊಮ್ಮೆ ಸರಿಯಾದ ಜಾಗದಲ್ಲೂ ಬೀಳುತ್ತದೆ. ಹೊಸ ಆವೃತ್ತಿಗಳಲ್ಲಿ ಖಾಲಿಯ ಬದಲು ಪ್ರಶ್ನಾರ್ಥಕ ಚಿಹ್ನೆಯಿರುವ ವಜ್ರಾಕಾರ ಕಾಣುತ್ತದೆ. ಅದು ವಾಸಿ, ಕನಿಷ್ಠ ಕಣ್ಣಿಗಾದರೂ ಬೀಳುತ್ತದೆ.

ಬೈಟಿನ ಬದಲು ಸಂಕೇತಗಳನ್ನು ಎಣಿಸುವ ‘ಎಂಬಿ’ ಫಂಕ್ಷನ್‌ಗಳಿಗೆ ಬದಲಿಸಿದರೆ ಖಾಲಿ ಬರುವುದು ನಿಲ್ಲುತ್ತದೆ, ಆದರೆ ‘ಕ್ಷೆ’ ಎಂಬುದು ನಾಲ್ಕು ಸಂಕೇತಗಳ ಅಕ್ಷರ. ಕತ್ತರಿ ಅದರ ನಡುವೆ ಬಿದ್ದರೆ ‘ಕ್’ ಮಾತ್ರ ಉಳಿಯುತ್ತದೆ. ಕನ್ನಡಕ್ಕೆ ಪದದ ಗಡಿಯಲ್ಲಿ ಕತ್ತರಿಸುವುದೇ ಸರಿಯಾದ ದಾರಿ.

ಮೊತ್ತ ತಪ್ಪು ಬಂದಾಗ

ಲೆಕ್ಕ ಮುಗಿಯುವ ಮೊದಲೇ ಸಂಖ್ಯೆಗೆ ಅಲಂಕಾರ ಮಾಡಿದರೆ ಇದು ಆಗುತ್ತದೆ. ಒಂದು ಫಂಕ್ಷನ್ 12500 ಅನ್ನು ಓದಲು ಚೆನ್ನಾಗಿರಲಿ ಎಂದು ‘12,500’ ಮಾಡಿ ಕೊಡುತ್ತದೆ, ಇನ್ನೊಂದು ಕಡೆ ಅದಕ್ಕೆ 500 ಕೂಡಿಸುತ್ತಾರೆ, ಉತ್ತರ 512. ಅಲ್ಪವಿರಾಮ ಕಂಡಲ್ಲಿಗೆ ಪಿಎಚ್‌ಪಿ ಸಂಖ್ಯೆ ಓದುವುದನ್ನು ನಿಲ್ಲಿಸುತ್ತದೆ. ಪಿಎಚ್‌ಪಿ 8ರಲ್ಲಿ ಎಚ್ಚರಿಕೆಯಾದರೂ ಬರುತ್ತದೆ, ಇಂಟ್ ಎಂದು ಬಲವಂತವಾಗಿ ಬದಲಿಸಿದ್ದರೆ ಅದೂ ಇಲ್ಲ. ಮೊತ್ತ ಸಾವಿರ ದಾಟುವವರೆಗೆ ಎಲ್ಲ ಸರಿಯಿರುತ್ತದಾದ್ದರಿಂದ ಚಿಕ್ಕ ಅಂಕಿಗಳಿಂದ ಮಾಡಿದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಗೆರೆಯ ಮೇಲಿನ ಡಂಪ್‌ನಲ್ಲಿ ಮೌಲ್ಯದ ಟೈಪ್ ನೋಡಿ: ಮೊತ್ತದ ಮುಂದೆ ಸ್ಟ್ರಿಂಗ್ ಎಂದಿದ್ದರೆ ಸುಳಿವು ಸಿಕ್ಕಿತು. ದಿನಾಂಕಗಳಿಗೂ ಇದೇ ಮಾತು. ‘05-11-2023’ ಎಂದು ಬರೆದ ಮೇಲೆ ವಿಂಗಡಿಸಿದರೆ ತಿಂಗಳುಗಳು ಕಲಸಿಹೋಗುತ್ತವೆ.

ಎರಡೂ ಕಡೆ ಸರಿ, ಕೂಡಿಸಿದಾಗ ಮಾತ್ರ ತಪ್ಪು

ಡಂಪ್ ಸರಿಯಿದೆ. ಸುಳ್ಳು ಅರೇ ಕೊಟ್ಟರೆ ಟೆಂಪ್ಲೇಟೂ ಸರಿಯಿದೆ. ಆದರೂ ಪುಟದಲ್ಲಿ ಕೊನೆಯ ಸಾಲು ಮಾಯವಾಗಿ, ಅದರ ಹಿಂದಿನದು ಎರಡು ಸಲ ಕಾಣುತ್ತದೆ. ಗೆರೆ ಎಳೆಯುವ ಉಪಾಯ ಕೈಕೊಟ್ಟಿತು ಎನಿಸುವ ಗಳಿಗೆ ಇದು. ಆದರೆ ಎರಡು ಪರೀಕ್ಷೆಗಳೂ ಪಾಸಾದದ್ದೇ ಸುಳಿವು: ಅರೇ ಅಲ್ಲದೆ ಇನ್ನೇನೋ ಗೆರೆ ದಾಟಿದೆ.

ಪಿಎಚ್‌ಪಿಯಲ್ಲಿ ಇನ್‌ಕ್ಲೂಡ್ ಮಾಡಿದ ಟೆಂಪ್ಲೇಟ್, ಕರೆದ ಕೋಡಿನ ವೇರಿಯಬಲ್‌ಗಳನ್ನೆಲ್ಲ ಹಂಚಿಕೊಳ್ಳುತ್ತದೆ. ಮೇಲೆ ಸಾಲುಗಳನ್ನು ತಿದ್ದಲು ರೆಫರೆನ್ಸ್ (ನಕಲಿನ ಬದಲು ಮೂಲಕ್ಕೇ ಅಂಟುವ ಹೆಸರು) ಹಾಕಿ ಫಾರ್‌ಈಚ್ ಓಡಿಸಿದ್ದರೆ, ಲೂಪು ಮುಗಿದ ಮೇಲೂ ಆ ವೇರಿಯಬಲ್ ಕೊನೆಯ ಸಾಲಿಗೆ ಅಂಟಿಕೊಂಡೇ ಇರುತ್ತದೆ. ಟೆಂಪ್ಲೇಟ್ ಅದೇ ಹೆಸರಿನಲ್ಲಿ ಮತ್ತೆ ಲೂಪು ಮಾಡಿದಾಗ ಪ್ರತಿ ಸುತ್ತಿನಲ್ಲೂ ಕೊನೆಯ ಸಾಲಿನ ಮೇಲೆಯೇ ಬರೆಯುತ್ತಾ ಹೋಗುತ್ತದೆ, ಕೊನೆಗೆ ಉಳಿಯುವುದು ಹಿಂದಿನ ಸಾಲಿನ ನಕಲು. ವಾರ್ ಡಂಪ್ ಮಾಡಿದ್ದರೆ ಕೊನೆಯ ಸಾಲಿನ ಪಕ್ಕ ಒಂದು & ಚಿಹ್ನೆ ಇತ್ತು, ಮತ್ತೊಮ್ಮೆ ನೋಡಿ. ಲೂಪಿನ ನಂತರ ಅನ್‌ಸೆಟ್ ಮಾಡುವುದು ಸದ್ಯದ ಪರಿಹಾರ. ಟೆಂಪ್ಲೇಟನ್ನು ಒಂದು ಫಂಕ್ಷನ್ನಿನ ಒಳಗಿಂದ ಇನ್‌ಕ್ಲೂಡ್ ಮಾಡಿ, ಆ ಫಂಕ್ಷನ್ನಿಗೆ ಅರೇಯನ್ನು ಮಾತ್ರ ಕೊಟ್ಟರೆ ಈ ಜಾತಿಯ ದೋಷಗಳು ಬೇರುಸಮೇತ ಹೋಗುತ್ತವೆ.

ನಿಧಾನ ಪುಟ, ಅರ್ಧ ಪುಟ

ಸಾಲುಗಳು ಹೆಚ್ಚಿದಂತೆ ಪುಟ ನಿಧಾನವಾಗುತ್ತಿದ್ದರೆ ಕ್ವೆರಿ ಲಾಗ್ ತೆರೆಯಿರಿ. ಒಂದೇ ಆಕಾರದ ಕ್ವೆರಿ, ಐಡಿ ಮಾತ್ರ ಬದಲಾಗುತ್ತಾ, ಸಾಲಿಗೊಂದರಂತೆ ಕಂಡರೆ ಟೆಂಪ್ಲೇಟಿನ ಲೂಪು ಡೇಟಾಬೇಸಿಗೆ ಹೋಗಿಬರುತ್ತಿದೆ. ಟೆಂಪ್ಲೇಟಿನಲ್ಲಿ ಕ್ವೆರಿಯೇ ಬರೆದಿಲ್ಲವಲ್ಲ ಎನ್ನಬೇಡಿ. ಜಾಂಗೋ, ಲಾರಾವೆಲ್‌ನಂಥ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ ಲೇಖನದಿಂದ ಲೇಖಕನ ಹೆಸರಿಗೆ ಒಂದು ಚುಕ್ಕಿಯೋ ಬಾಣವೋ ಇಟ್ಟರೆ ಸಾಕು, ಹಿನ್ನೆಲೆಯಲ್ಲಿ ಕ್ವೆರಿ ಓಡುತ್ತದೆ. ಜಾಂಗೋದಲ್ಲಿ ‘ಸೆಲೆಕ್ಟ್ ರಿಲೇಟೆಡ್’, ಲಾರಾವೆಲ್‌ನಲ್ಲಿ ‘ವಿತ್’ ಬಳಸಿ ಬೇಕಾದ್ದನ್ನು ಮೊದಲೇ ತರಿಸಿ. ಗೆರೆ ದಾಟಿದ ಮೇಲೆ ಕ್ವೆರಿ ಸಂಖ್ಯೆ ಸೊನ್ನೆಯಾಗಿರಬೇಕು, ಇದನ್ನೇ ಪರೀಕ್ಷೆಯಾಗಿ ಬರೆದಿಡಬಹುದು.

ಪುಟ ಅರ್ಧಕ್ಕೇ ನಿಂತು ಸ್ಟೇಟಸ್ ಮಾತ್ರ 200 (ಎಲ್ಲ ಸರಿ) ಎಂದು ತೋರಿಸುವುದೂ ಇದರ ನೆಂಟ. ಟೆಂಪ್ಲೇಟಿನ ನಡುವೆ ಕ್ವೆರಿ ಸೋತಿದೆ, ಆದರೆ ಅಷ್ಟರಲ್ಲಿ ಹೆಡರ್‌ಗಳು ಹೋಗಿಯಾಗಿದೆ. ನಿಗಾ ಇಡುವ ಸಾಫ್ಟ್‌ವೇರಿಗೆ ಎಲ್ಲ ಕ್ಷೇಮ. ಟೆಂಪ್ಲೇಟನ್ನು ಬಫರಿಗೆ ಬರೆಸಿ, ಎಕ್ಸೆಪ್ಶನ್ ಬಂದರೆ ಬಫರ್ ಚೆಲ್ಲಿ 500 (ಸರ್ವರ್ ದೋಷ) ಕಳಿಸಿ.

ಜಾಗ ಖಾಲಿ ಬಿದ್ದು ಯಾವ ಸಂದೇಶವೂ ಇಲ್ಲದಿದ್ದರೆ ಹೆಸರಿನ ಕಾಗುಣಿತ ನೋಡಿ. ಜಾಂಗೋ, ಜಿಂಜಾ, ಟ್ವಿಗ್ ಮೂರೂ ಇಲ್ಲದ ವೇರಿಯಬಲ್ಲಿಗೆ ಮೂಲ ಸ್ಥಿತಿಯಲ್ಲಿ ಮೌನವಾಗಿ ಖಾಲಿ ಬಿಡುತ್ತವೆ. ಡೆವಲಪ್‌ಮೆಂಟಿನಲ್ಲಿ ಜಿಂಜಾದ ‘ಸ್ಟ್ರಿಕ್ಟ್ ಅನ್‌ಡಿಫೈನ್ಡ್’, ಟ್ವಿಗ್‌ನ ‘ಸ್ಟ್ರಿಕ್ಟ್ ವೇರಿಯಬಲ್ಸ್’ ಚಾಲೂ ಇರಲಿ.

ಟೆಂಪ್ಲೇಟ್ ತಿದ್ದಿದರೂ ಪುಟ ಬದಲಾಗದಿದ್ದರೆ ಕೋಡನ್ನು ದೂಷಿಸುವ ಮೊದಲು ಓಪಿಕ್ಯಾಶ್ (ಪಿಎಚ್‌ಪಿ ಕೋಡಿನ ಸಿದ್ಧ ರೂಪವನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ) ನೋಡಿ. ಫೈಲಿನ ಸಮಯ ಪರಿಶೀಲಿಸುವ ಸೆಟ್ಟಿಂಗ್ ಆರಿಸಿದ್ದರೆ ಪಿಎಚ್‌ಪಿ ಪ್ರೊಸೆಸ್ ಮರುಚಾಲನೆ ಮಾಡುವವರೆಗೆ ಅಥವಾ ಕ್ಯಾಶ್ ರೀಸೆಟ್ ಮಾಡುವವರೆಗೆ ಹಳೆಯ ಕೋಡೇ ಓಡುತ್ತದೆ.

ಹಳೆಯ ದೊಡ್ಡ ಫೈಲನ್ನು ಬಿಡಿಸುವ ಕ್ರಮ

ಟೆಂಪ್ಲೇಟ್ ಎಂಜಿನ್ ತಂದು ಹಾಕಿದರೆ ಬೇರ್ಪಡಿಸಿದಂತಾಗುವುದಿಲ್ಲ. ಟ್ವಿಗ್ ಒಳಗೆ ಕ್ವೆರಿ ಓಡಿಸುವ ಸ್ವಂತ ಫಂಕ್ಷನ್ ನೋಂದಾಯಿಸಿಕೊಂಡರೆ ಹಳೆಯ ಗೊಂದಲವೇ ಹೊಸ ಬಟ್ಟೆಯಲ್ಲಿ ಬಂದಂತೆ. ಹಾಗೆಯೇ ಟೆಂಪ್ಲೇಟಿನಲ್ಲಿ ಇಫ್ ಇರಲೇಬಾರದು ಎನ್ನುವ ಮಡಿವಂತಿಕೆಯೂ ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಖಾಲಿಯಿದ್ದರೆ ಏನು ತೋರಿಸಬೇಕು, ಸಾಲುಗಳಿಗೆ ಒಂದು ಬಿಟ್ಟು ಒಂದು ಬಣ್ಣ ಹೇಗೆ ಎಂಬುದೆಲ್ಲ ತೋರಿಸುವ ಕೆಲಸವೇ. ಈ ಬಳಕೆದಾರ ಇದನ್ನು ಅಳಿಸಬಹುದೇ ಎಂಬ ತೀರ್ಮಾನ ಮೇಲಿನದು, ಬಟನ್ ತೋರಿಸುವ ಇಫ್ ಕೆಳಗಿನದು.

ಬಿಡಿಸುವಾಗ ಮೊದಲು ಹೆಡರ್ ಮುಟ್ಟುವ ಸಾಲುಗಳನ್ನು ಮೇಲಕ್ಕೆ ತನ್ನಿ, ಆಮೇಲೆ ಡೇಟಾಬೇಸಿಗೆ ಬರೆಯುವ ಕ್ವೆರಿಗಳು, ನಂತರ ಓದುವ ಕ್ವೆರಿಗಳು, ಕೊನೆಗೆ ಲೆಕ್ಕಗಳು. ಪ್ರತಿ ಹಂತದ ಮೊದಲೂ ನಂತರವೂ ಪುಟದ ಔಟ್‌ಪುಟನ್ನು ಫೈಲಿಗೆ ಉಳಿಸಿ ಡಿಫ್ ಹಾಕಿ (ಸಾಲು ಸಾಲಾಗಿ ಹೋಲಿಸಿ). ಕುಕಿ ಮತ್ತು ಸ್ಟೇಟಸ್ ಕೂಡ ಹೋಲಿಕೆಗೆ ಸಿಗುವಂತೆ ಹೆಡರ್‌ಗಳನ್ನೂ ಸೇರಿಸಿ ಉಳಿಸಿ. ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಬೇರೇನಾದರೂ ಕಂಡರೆ ಮುಂದಿನ ಹಂತಕ್ಕೆ ಹೋಗಬೇಡಿ.